ಹಿಮ್ಮಡಿಯ ಹಗ್ಗ

ಥಾಯ್ಲೆಂಡಿನ ಪೆಚ್ಚಬುರಿ ಕಡೆ ತಾಳೆ ಮರ ಹತ್ತುವವರಲ್ಲಿ ತವಿನ್ ಭಾವನಷ್ಟು ಧೈರ್ಯಸ್ಥ ಇರಲಿಲ್ಲ. ನನ್ನಕ್ಕ ಸಮ್ರುವೈಳನ್ನು ಮದುವೆಯಾದ ಲಾಗಾಯ್ತಿನಿಂದ ದಿನಕ್ಕೆರಡು ಸಲ ಮರ ಹತ್ತಿ ರಸ ಇಳಿಸುತ್ತಿದ್ದ. ಅಕ್ಕ ಅದನ್ನು ಕಾಯಿಸಿ ಬೆಲ್ಲ ಮಾಡುತ್ತಿದ್ದಳು.

ಹೋದ ಫೆಬ್ರವರಿಯಿಂದ ಅವನ ಎಡ ಹಿಮ್ಮಡಿಯ ಮೇಲ್ಭಾಗದಲ್ಲಿ ನೋವು. ಯಾರಿಗೂ ಹೇಳಲಿಲ್ಲ. ಒಂದು ಬೆಳಿಗ್ಗೆ ಅರ್ಧ ಮರ ಹತ್ತಿದವನು ಬಿದಿರ ಏಣಿಯ ಮೇಲೆ ಎಡಗಾಲೂರಿದ. ಮೈ ಮೇಲೇಳಲೇ ಇಲ್ಲ. ಕಾಂಡ ತಬ್ಬಿಕೊಂಡು ನಿಂತುಬಿಟ್ಟ. ರಸ ತುಂಬಲು ಸೊಂಟಕ್ಕೆ ಕಟ್ಟಿದ್ದ ಬಿದಿರ ಕೊಳವೆಗಳು ಒಂದಕ್ಕೊಂದು ಬಡಿಯುತ್ತಿದ್ದದ್ದು ಕೆಳಗಿದ್ದ ನನಗೂ ಕೇಳಿಸಿತು. ಗಾಳಿಯಿರಲಿಲ್ಲ. ಅವನು ನಡುಗುತ್ತಿದ್ದ.

"ಭಾವಾ, ಇಳಿ!"

"ಆಗ್ತಿಲ್ಲ ಕಣೋ. ಕಾಲು ನಂದಲ್ಲ ಅನ್ಸ್ತಿದೆ."

ನಾನೇ ಹತ್ತಿ, ಅವನ ಪಾದವನ್ನು ಒಂದೊಂದೇ ಮೆಟ್ಟಿಲ ಮೇಲಿಟ್ಟು ಇಳಿಸಿದೆ.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರ್ ಒರವನ್ ಅವನನ್ನು ಬೋರಲು ಮಲಗಿಸಿ, ಹಿಮ್ಮಡಿಗೆ ತಣ್ಣನೆಯ ಜೆಲ್ ಹಚ್ಚಿದರು. ಭಾವ ನನ್ನ ಕೈಯನ್ನು ನೋಯುವಷ್ಟು ಹಿಡಿದಿದ್ದ.

"ಕೊಯ್ತೀರಾ ಡಾಕ್ಟ್ರಮ್ಮ?"

"ಚಾಕು ಎಲ್ಲಿದೆ ಮಾಮ? ಇದು ಬರೀ ಅಳತೆ. ಮೀನಖಂಡಾನ ಹಿಮ್ಮಡಿಗೆ ಕಟ್ಟಿರೋ ಹಗ್ಗ ಇದೆಯಲ್ಲ, ಅದರೊಳಗೆ ಈ ಯಂತ್ರ ಅಲೆ ಕಳಿಸತ್ತೆ. ಹಗ್ಗ ಬಿಗಿಯಾಗಿದ್ರೆ ಅಲೆ ಬೇಗ ಓಡತ್ತೆ, ಮೆತ್ತಗಿದ್ರೆ ನಿಧಾನ."

ಬಲಗಾಲು ಪರದೆಯ ಮೇಲೆ ಕೆಂಪಗೆ ಕಂಡಿತು: ಸೆಕೆಂಡಿಗೆ ಎಂಟು ಮೀಟರ್. ಎಡಗಾಲಲ್ಲಿ ನೀಲಿ ಮಚ್ಚೆಗಳು. ಮೂರು ಸಲ ಅಳೆದರೂ ನಾಲ್ಕೇ.

"ಅರ್ಧ ಹೋಯ್ತಾ?" ಎಂದ ಭಾವ.

"ಹರಿದಿಲ್ಲ. ಆದ್ರೆ ಮೆತ್ತಗಾಗಿದೆ. ಈಗ ಮರ ಹತ್ತಿದ್ರೆ ಹರೀಬಹುದು."

ಮನೆಗೆ ಬಂದವನೇ ಭಾವ ಕೇಳಿದ: "ಆವತ್ತು ಇನ್ನೊಂದು ಮೆಟ್ಟಿಲು ಹತ್ತಿದ್ದಿದ್ರೆ?"

ಡಾಕ್ಟರ್ ಹೇಳಿಕೊಟ್ಟಂತೆ ನಾಲ್ಕು ತಿಂಗಳು ಹೊಸ್ತಿಲ ಮೇಲೆ ನಿಂತು ಹಿಮ್ಮಡಿ ಎತ್ತಿ, ಮೆಲ್ಲಗೆ ಇಳಿಸುವುದೇ ಕೆಲಸ. ಆಮೇಲಾಮೇಲೆ ಹೆಗಲ ಮೇಲೆ ಅಕ್ಕಿ ಮೂಟೆ ಹೊತ್ತು ಅದನ್ನೇ ಮಾಡಿದ. ಒಂದು ಸಲ "ಟಪ್ ಅಂತು! ಹರೀತು!" ಎಂದು ಕುಸಿದು ಕೂತ.

"ನಾನು ಸೌದೆ ಮುರಿದದ್ದು ಮಾರಾಯ," ಎಂದಳು ಅಕ್ಕ. ನಗಲು ಹೋದವಳು, ಅವನ ಮುಖ ನೋಡಿ ಮುರಿದ ಸೌದೆಯನ್ನು ಎತ್ತಿ ತೋರಿಸಿದಳು.

ಮತ್ತೆ ಅಳೆದಾಗ ಎಡಗಾಲಲ್ಲಿ ಆರೂವರೆ ಮೀಟರ್. ಗಿಡ್ಡ ಮರಗಳಿಗೆ ಅಡ್ಡಿಯಿಲ್ಲ ಎಂದರು ಡಾಕ್ಟರ್. ಮೊದಲ ದಿನ ಹತ್ತಿ ಇಳಿದಾಗ ಅವನ ಅಂಗಿ ಹಿಂಡುವಷ್ಟು ಒದ್ದೆ.

"ಕಾಲು ಬಂತು ಕಣೋ," ಅಂದ. "ಹೆದರಿಕೆ ಹೋಗಿಲ್ಲ."

ಎತ್ತರದ ಮರಗಳನ್ನು ಈಗ ನಾನು ಹತ್ತುತ್ತೇನೆ. ನಾನಿಳಿಯುವ ತನಕ ಭಾವ ಕೆಳಗೆ ನಿಂತು ನನ್ನ ಹಿಮ್ಮಡಿಗಳನ್ನೇ ನೋಡುತ್ತಿರುತ್ತಾನೆ.