ಮೇಷ್ಟ್ರು ಹೇಳಿದ ಗ್ರೀಕ್ ಪದ

ಮೊನ್ನೆ ಚಟ್ನಿಪುಡಿಗೆಂದು ಕೊಬ್ಬರಿ ಒಡೆದೆ. ಆ ಘಮಕ್ಕೆ ಕಡೂರಿನ ನಮ್ಮ ಹಳೇ ಮನೆಯ ಅಟ್ಟ, ಅದರ ಕೆಳಗೆ ಬೆಂಚಿನ ಮೇಲೆ ಕೂತಿದ್ದ ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಒಟ್ಟಿಗೇ ನೆನಪಾದರು...

ನಾನು ಡಿಗ್ರಿ ಕೊನೇ ವರ್ಷದಲ್ಲಿದ್ದಾಗ ಅಮ್ಮ ತೀರಿಕೊಂಡಳು. ನನಗೆ ಅಳು ಬರಲಿಲ್ಲ. ಅಳುವೇನು, ಸಿಟ್ಟು, ಹಸಿವು ಯಾವುದೂ ಬರಲಿಲ್ಲ. ತಟ್ಟೆ ಮುಂದಿಟ್ಟರೆ ಉಣ್ಣುತ್ತಿದ್ದೆ, ಇಡದಿದ್ದರೆ ಸುಮ್ಮನಿರುತ್ತಿದ್ದೆ. ಕಾಲೇಜಿಗೆ ಹೋಗುವುದನ್ನೇ ಬಿಟ್ಟೆ. ಗಾಳಿ ಸೋಕಿದೆ ಎಂದು ಸೋದರತ್ತೆ, ಮೈಗಳ್ಳತನ ಎಂದು ಚಿಕ್ಕಪ್ಪ ತೀರ್ಪು ಕೊಟ್ಟಾಗಿತ್ತು. ಪರೀಕ್ಷೆಗೆ ಕೂರದಿದ್ದರೆ ಮದುವೆ ಮಾಡಿ ಕಳಿಸುವುದು ಎಂದು ಹಿರಿಯರು ಮಾತಾಡಿಕೊಂಡಿದ್ದರು. ಅದಕ್ಕೂ ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಒಂದು ಮಧ್ಯಾಹ್ನ ಮೇಷ್ಟ್ರು ತರೀಕೆರೆಯಿಂದ ಬಸ್ಸು ಹತ್ತಿ ಮನೆಗೇ ಬಂದುಬಿಟ್ಟರು. ನನ್ನನ್ನು ನೋಡಿ, ಅಪ್ಪನಿಗೆ ಪಾಠ ಶುರುಮಾಡಿದರು. ಎಲ್ಲಿ ಕೂತರೂ ಅವರಿಗೆ ಅದೇ ಚಟ.

"ಇದಕ್ಕೆ ಅಪಥಿ ಅಂತಾರೆ ಕಣ್ರೀ. ಮೂಲ ಗ್ರೀಕರ ಮಾತು. ಯಾವುದಕ್ಕೂ ಮನಸ್ಸು ಅಲ್ಲಾಡದೇ ಇರೋದು ಅಂತ. ಅವರಲ್ಲಿ ಕೆಲವರು ಅದನ್ನ ದೊಡ್ಡ ಗುಣ ಅಂತಿದ್ರು. ಆಮೇಲೆ ಫ್ರೆಂಚರು, ಜರ್ಮನ್ನರು, ಇಟಲಿಯೋರು, ಇಂಗ್ಲಿಷಿನೋರು ಎಲ್ರೂ ಅದನ್ನ ಇಸ್ಕೊಂಡ್ರು. ಅವರ ಬಾಯಲ್ಲಿ ಅದು, ಏನೂ ಬೇಡ ಅನ್ಸೋ ಸ್ಥಿತಿ ಆಯ್ತು."

"ಹಂಗಾರೆ ನಮ್ ಹುಡುಗೀಗೊಬ್ಳಿಗೇ ಬಂದಿರೋದಲ್ಲ ಅನ್ನಿ!" ಎಂದ ಅಪ್ಪ. ಎಷ್ಟೋ ದಿನದ ಮೇಲೆ ಅವನ ಮುಖ ಸಡಿಲವಾಗಿತ್ತು.

"ಅಷ್ಟು ದೇಶದೋರಿಗೆ ಆ ಮಾತು ಬೇಕಾಗಿತ್ತು ಅಂದ್ರೆ ನೋಡಿ. ಅವ್ರೆಲ್ಲ ಮತ್ತೆ ಎದ್ದು ಓಡಾಡ್ಲಿಲ್ವೇ?"

ನನಗೆ ಅದೂ ತಟ್ಟಲಿಲ್ಲ.

ಮೇಷ್ಟ್ರು ಹೊರಟರು. ಬಂದವರನ್ನು ಬರಿಗೈಲಿ ಕಳಿಸುವ ಮನೆ ನಮ್ಮದಲ್ಲ. ಕೊಬ್ಬರಿಗೆಂದು ಅಮ್ಮ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿಸಿದ್ದ ಕಾಯಿ ಹಾಗೇ ಬಿದ್ದಿದ್ದವು. ವರ್ಷ ಕಳೆದು, ಒಳಗಿನ ನೀರು ಪೂರ್ತಿ ಇಂಗಿದ ಮೇಲೆಯೇ ಅವನ್ನು ಇಳಿಸುವುದು. ತೆಂಗಿನ ತೋಟದಲ್ಲೇ ಹುಟ್ಟಿ ಬೆಳೆದ ಅಪ್ಪ ಅವತ್ತು ಅಲ್ಲಾಡಿಸಿಯೂ ನೋಡದೆ ಒಂದನ್ನು ಇಳಿಸಿ ಮಚ್ಚೆತ್ತಿದ. ಒಳಗೆ ನೀರು ತುಳುಕಿದ್ದು ನನಗೆ ಕೇಳಿಸಿತು.

"ಅಪ್ಪಾ, ಬ್ಯಾಡ! ಅದಿನ್ನೂ ಹಸಿ ಐತೆ. ಅಮ್ಮ ಹಾಕಿದ್ದು ಕಣಪ್ಪಾ ಅದು!"

ಕಿರುಚಿದವಳು ನಾನೇ. ಓಡಿಹೋಗಿ ಕಾಯಿ ಕಿತ್ತುಕೊಂಡು ನೆಲಕ್ಕೆ ಕುಸಿದು ಅತ್ತೆ. ಅಪ್ಪನೂ ಮಚ್ಚು ಕೆಳಗಿಟ್ಟು ಪಕ್ಕದಲ್ಲೇ ಕೂತ. ಮೇಷ್ಟ್ರು ನಮ್ಮಿಬ್ಬರ ಅಳು ನಿಲ್ಲುವವರೆಗೂ ಬಾಗಿಲಲ್ಲಿ ನಿಂತಿದ್ದು, ಆಮೇಲೆ ಕೇಳಿದರು, "ಯಾವಾಗ ಇಳಿಸ್ಬೇಕಮ್ಮಾ ಇದನ್ನ? ನೀನೇ ಹೇಳು."

"ಪರೀಕ್ಷೆ ಮುಗಿಸ್ಕೊಂಡು ಇಳಿಸ್ತೀನಿ ಸಾರ್," ಎಂದೆ.

ಹಾಗೇ ಮಾಡಿದೆ. ಮೊದಲ ಕೊಬ್ಬರಿ ತರೀಕೆರೆಗೆ, ಮೇಷ್ಟ್ರ ಮನೆಗೇ ಹೋಯಿತು.

ಈ ವರ್ಷ ಮೇಷ್ಟ್ರು ಹೋದರು. ಸುದ್ದಿ ಕೇಳಿ ತರೀಕೆರೆ ಬಸ್ಸು ಹತ್ತಿದವಳು, ಬೀರೂರು ದಾಟುವಷ್ಟರಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಪಕ್ಕದ ಸೀಟಿನಾಕೆ ಕೈ ಹಿಡಿದು, "ಯಾರು ಹೋದ್ರಮ್ಮಾ?" ಎಂದಳು.

"ನಮ್ಮ ಮೇಷ್ಟ್ರು," ಎಂದೆ. ಜನ ತಿರುಗಿ ನೋಡುತ್ತಿದ್ದರು. ನೋಡಲಿ ಬಿಡಿ, ಮೇಷ್ಟ್ರಿಗಾಗಿ ಅಳು ಬಂತಲ್ಲ ಎಂದು ನನಗೆ ಒಳಗೊಳಗೇ ಸಂತೋಷ.