ಹಳೆಯ ಹಾಳೆಯಲ್ಲಿ ಸಿಕ್ಕ ಹತ್ತೊಂಬತ್ತು ದಿನ

೨೦೧೧ರ ಫೆಬ್ರವರಿ ೧೪, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ಶಹಾಪುರ ಮತ್ತು ಸುರಪುರದ ನಡುವಿನ ಒಂದು ಕಾಲುವೆ ಉಪವಿಭಾಗ ಕಚೇರಿ. ಹಾಜರಿದ್ದವರು ಮೂವರು: ಕಂಪ್ಯೂಟರ್ ಆಪರೇಟರ್ ರೇಣುಕಾ, ಕಾಲುವೆಯ ಕೊನೆಯ ಹಳ್ಳಿಯಿಂದ ಬಂದು ಬೆಂಚಿನ ಮೇಲೆ ಕುಳಿತಿದ್ದ ರೈತ ಮಹಿಳೆ ದೇವಮ್ಮ, ಮತ್ತು ನಾನು. ಆಗ ನಾನು ಯಾದಗಿರಿಯಲ್ಲಿದ್ದು ಆರು ಕಾಲುವೆ ಕಚೇರಿಗಳ ಹದಿನೇಳು ಕಂಪ್ಯೂಟರುಗಳ ಉಸ್ತುವಾರಿ ನೋಡುತ್ತಿದ್ದೆ.

ದೂರು ಸರಳವಾಗಿತ್ತು. ಗುಂಡಿ ಒತ್ತಿದ ಮೇಲೆ ಯಂತ್ರ ಕೆಲಸಕ್ಕೆ ಸಿದ್ಧವಾಗಲು ಇಪ್ಪತ್ತೆರಡು ನಿಮಿಷ ಬೇಕು. ಆ ದಿನ ಬೆಳಿಗ್ಗೆ ಅದು ಪೂರ್ತಿ ನಿಂತೇಹೋಗಿತ್ತು. ಏಳು ಗಂಟೆಗೆ ಫೋನಿನಲ್ಲಿ ಬಂದ ನೀರಿನ ಮಟ್ಟವನ್ನು ರೇಣುಕಾ ಅಂಗೈ ಮೇಲೆ ಬರೆದುಕೊಂಡಿದ್ದಳು.

ಆ ಮಟ್ಟಕ್ಕೆ ಗೇಜ್ ರೀಡಿಂಗ್ ಎನ್ನುತ್ತೇವೆ. ಕಾಲುವೆಯ ಕೊನೆಯ ತೂಬಿನ ಬಳಿ ಅಳತೆಗಲ್ಲು ಇದೆ. ಅಲ್ಲಿನ ಕೆಲಸಗಾರ ಭೀಮಣ್ಣ ದಿನಾ ಅದನ್ನು ನೋಡಿ, ತನ್ನ ಗುಡಿಸಲಿನ ಬಾಗಿಲ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು, ಕಚೇರಿಗೆ ಫೋನ್ ಮಾಡುತ್ತಿದ್ದ. ಮಂಗಳವಾರ ಬಂತೆಂದರೆ ಬಾಗಿಲು ಒರೆಸಿ ಹೊಸ ವಾರ ಶುರು. ಹೀಗಾಗಿ ಇಡೀ ಹಂಗಾಮಿನ ಲೆಕ್ಕ ಇದ್ದದ್ದು ಈ ಕಂಪ್ಯೂಟರಿನಲ್ಲಿ ಮಾತ್ರ.

ಆ ಲೆಕ್ಕ ಸಂಜೆ ನಾಲ್ಕರ ನೀರು ಹಂಚಿಕೆಯ ಸಭೆಗೆ ಹೋಗಬೇಕಿತ್ತು. ಕೊನೆಯ ಹಳ್ಳಿಗೆ ನೀರು ತಲುಪಿಲ್ಲವೆಂದು ತೋರಿಸಿದರೆ ನೀರಿನ ಹೆಚ್ಚುವರಿ ಪಾಳಿ ಸಿಗುತ್ತದೆ. ತೋರಿಸಲಾಗದಿದ್ದರೆ ಮುಂದಿನ ಪಾಳಿ ಹದಿನೈದು ದಿನದ ನಂತರವೇ.

"ಹದಿನೈದು ದಿನ ಅಂದ್ರ ನನ್ನ ಶೇಂಗಾ ಹೊಲದಾಗೇ ಹುರಕೊಂಡು ತಿನ್ನಬೇಕ್ರೀ ಸಾಹೇಬ್ರ," ಎಂದಳು ದೇವಮ್ಮ. "ಈಗ ಕಾಯಿ ಕಟ್ಟೋ ಹೊತ್ತದ."

ನಾನು ನನ್ನ ಕ್ರಮ ಬಿಡಲಿಲ್ಲ. ಮೊದಲು ಬರೆದುಕೊಳ್ಳುವುದು, ಆಮೇಲೆ ನಕಲು ತೆಗೆಯುವುದು, ನಂತರ ನಿಲ್ಲಿಸಿ ನೋಡುವುದು. ಅಳಿಸುವುದು ಕಟ್ಟಕಡೆಗೆ. ಸೇಫ್ ಮೋಡ್‌ನಲ್ಲಿ, ಅಂದರೆ ಅತ್ಯಗತ್ಯವಾದವಷ್ಟೇ ನಡೆಯುವ ಸ್ಥಿತಿಯಲ್ಲಿ ಯಂತ್ರ ತೆರೆದು, ಸ್ಟಾರ್ಟಪ್ ಪಟ್ಟಿಯನ್ನು ಕಾಗದಕ್ಕೆ ಇಳಿಸಿದೆ. ಯಂತ್ರ ಎದ್ದೊಡನೆ ಯಾರೂ ಕರೆಯದೆ ತಾವಾಗಿಯೇ ತೆರೆದುಕೊಳ್ಳುವವುಗಳ ಪಟ್ಟಿ ಅದು. ಹದಿನಾರು ಸಾಲು ಬಂದವು. ಪ್ರಿಂಟರಿನದು ಒಂದು, ಕ್ರಿಕೆಟ್ ಸ್ಕೋರ್ ತೋರಿಸುವುದು ಒಂದು, ಒಂದಕ್ಕೊಂದು ಅಡ್ಡಬರುವ ಎರಡು ಆಂಟಿವೈರಸ್, ಇನ್ನು ಮೂರು ಚಿಲ್ಲರೆ ಸಾಮಾನು. ಉಳಿದ ಒಂಬತ್ತೂ ರೀಡಿಂಗ್ ತುಂಬುವ ಗೇಜ್ ಹಾಳೆಗಳು!

"ಇವ್ಯಾಕಮ್ಮ ಇಲ್ಲಿ?"

"ಪದ್ಧತಿರೀ ಸರ್. ನೀರು ಬಿಡೋ ದಿನ ಹೊಸ ರಿಜಿಸ್ಟರ್‌ಗೆ ಅರಿಷಿಣ ಕುಂಕುಮ ಹಚ್ಚಿ ಹಳೇದ್ರ ಮ್ಯಾಲ ಇಡ್ತಿದ್ರು. ಹಳೇದು ತೆಗಿಯಂಗಿಲ್ಲ. ಕಂಪ್ಯೂಟರ್ ಬಂದ ಮ್ಯಾಲೂ ನಮ್ಮ ಹೆಡ್‌ಕ್ಲರ್ಕ್ ಹಂಗೇ ಮಾಡಸ್ಯಾರ. ಹಂಗಾಮಿಗೊಂದು ಹಾಳಿ, ತಾನೇ ತಗೀತದ."

"ಕುಂಕುಮ ಎಲ್ಲಿ ಹಚ್ಚಿದಿರಿ?"

"ಮಾನಿಟರ್‌ಗೆ ರೀ," ಎಂದಳು ಸಂಕೋಚವಿಲ್ಲದೆ. ನೋಡಿದರೆ ಅಂಚಿನಲ್ಲಿ ಗುರುತು ಇದ್ದೇ ಇತ್ತು.

ಇಷ್ಟೂ ಒಟ್ಟಿಗೆ ಎದ್ದರೆ ಯಂತ್ರದ ಶಕ್ತಿಯೆಲ್ಲ ಅವಕ್ಕೇ ಖರ್ಚಾಗಿ ನಿಮ್ಮ ಕೆಲಸಕ್ಕೆ ಏನೂ ಉಳಿಯುವುದಿಲ್ಲ ಎಂದು ವಿವರಿಸಿದೆ. ಬೆಂಚಿನಿಂದ ದೇವಮ್ಮ ನಕ್ಕಳು. "ನಮ್ಮ ಕಾಲುವಿನೂ ಹಿಂಗೇ ಅದ ಬಿಡ್ರಿ. ಮ್ಯಾಲಿನವ್ರು ಕುಡುದು ಬಿಟ್ರ ನಮಗ."

ಪ್ರಿಂಟರ್, ಒಂದು ಆಂಟಿವೈರಸ್, ಈ ಹಂಗಾಮಿನ ಹಾಳೆ, ಈ ಮೂರನ್ನು ಉಳಿಸಿ ಮಿಕ್ಕವು ತಾವಾಗಿ ತೆರೆಯದಂತೆ ಪಟ್ಟಿಯಲ್ಲಿ ಅವುಗಳ ಟಿಕ್ ಗುರುತು ತೆಗೆದೆ. ಹಳೆಯ ಎಂಟು ಹಾಳೆಗಳನ್ನು ಅಳಿಸದೆ 'ಪಕ್ಕಕ್ಕೆ ಇಟ್ಟದ್ದು' ಎಂಬ ಫೋಲ್ಡರಿಗೆ ಸರಿಸಿದೆ. ಮತ್ತೆ ಚಾಲೂ ಮಾಡಿದಾಗ ಮೂರು ನಿಮಿಷ ಹತ್ತು ಸೆಕೆಂಡ್. ರೇಣುಕಾ ಚಪ್ಪಾಳೆ ತಟ್ಟಿದಳು.

ಈ ಹಂಗಾಮಿನ ಹಾಳೆ ತೆರೆದೆವು. ಜನವರಿ ೫ರಿಂದ ೨೫ರವರೆಗೆ ಇಪ್ಪತ್ತೊಂದು ದಿನದ ರೀಡಿಂಗ್ ಇತ್ತು. ಅಲ್ಲಿಂದ ನಿನ್ನೆಯವರೆಗಿನ ಹತ್ತೊಂಬತ್ತು ದಿನ ಖಾಲಿ. ಕೊನೆಯ ಹಳ್ಳಿಗೆ ನೀರು ಬರುವುದು ನಿಂತದ್ದು ಆ ದಿನಗಳಲ್ಲೇ.

ದೇವಮ್ಮ ಎದ್ದು ಬಂದಳು. "ಏನವ್ವಾ ತಂಗಿ, ಬರದೇ ಇಲ್ಲೇನು?"

"ದಿನಾ ಟೈಪ್ ಹೊಡ್ದೀನಬೇ ಯಕ್ಕಾ! ಐತಾರ ರಜಾ ದಿನಾನೂ ಬಂದು ಹೊಡ್ದೀನಿ!" ರೇಣುಕಾ ಕುರ್ಚಿಯಿಂದ ಎದ್ದಳು. ನನ್ನ ಕಡೆ ತಿರುಗಿ, "ಸರ್, ನೀವು ತಗದ್ರಾಗ ಏನರ ಹೋತೇನ್ರಿ?" ಎಂದಳು.

ನನ್ನ ಮೇಲೆ ಬಂದ ಆ ಅನುಮಾನ ನ್ಯಾಯವಾದದ್ದೇ. ನಾನು ಹೆಸರು ನೋಡಿ ಹಳೆಯವು ಎಂದು ತೀರ್ಮಾನಿಸಿದ್ದೆ. ಯಾವುದನ್ನು ಯಾರು ಯಾವಾಗ ಮುಟ್ಟಿದ್ದಾರೆಂದು ನೋಡಿರಲಿಲ್ಲ. ಪಕ್ಕಕ್ಕೆ ಇಟ್ಟ ಎಂಟನ್ನೂ ಕೊನೆಯ ಬದಲಾವಣೆಯ ದಿನಾಂಕದಂತೆ ಜೋಡಿಸಿದೆ. ೨೦೦೮ರ ಹಾಳೆಯ ಮುಂದೆ ಫೆಬ್ರವರಿ ೧೩, ಬೆಳಿಗ್ಗೆ ೭.೩೨ ಎಂದಿತ್ತು.

ತೆರೆದೆ. ಹಳೆಯ ಹಂಗಾಮಿನ ಸಾಲುಗಳ ಕೆಳಗೆ ಹತ್ತೊಂಬತ್ತೂ ದಿನ ಸಾಲಾಗಿ ಕುಳಿತಿದ್ದವು. ಫೆಬ್ರವರಿ ೩ರಿಂದ ೧೩ರವರೆಗೆ ಹನ್ನೊಂದು ಸೊನ್ನೆ.

ಆದದ್ದು ಇಷ್ಟು. ಜನವರಿ ೨೫ರ ಸಂಜೆ ಯಾರೋ ಎರಡನೆಯ ಆಂಟಿವೈರಸ್ ಹಾಕಿದ್ದರು. ಮರುದಿನದಿಂದ ಹಾಳೆಗಳು ತೆರೆದುಕೊಳ್ಳುವ ಸರದಿ ಬದಲಾಯಿತು. ೨೦೦೮ರದು ಎಲ್ಲಕ್ಕಿಂತ ಮೇಲೆ ಬರತೊಡಗಿತು. ಮೇಲಿರುವುದೇ ಚಾಲ್ತಿ ರಿಜಿಸ್ಟರ್ ಎಂಬುದು ಆ ಕಚೇರಿಯ ರೂಢಿ. ಹಾಳೆ ಕೊನೆಯ ಖಾಲಿ ಸಾಲಿಗೇ ತೆರೆಯುತ್ತಿದ್ದುದರಿಂದ ತಲೆಬರಹ ಕಣ್ಣಿಗೆ ಬೀಳಲಿಲ್ಲ.

ತಪ್ಪು ಹಾಳೆಯ ಲೆಕ್ಕವನ್ನು ಸಭೆ ಒಪ್ಪಬೇಕಲ್ಲ? ಭೀಮಣ್ಣನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಬಾಗಿಲ ಮೇಲಿದ್ದುದನ್ನು ಓದಲು ಹೇಳಿದೆ.

"ಏನ್ ಓದ್ಲಿ ಸಾಹೇಬ್ರ, ಮಂಗಳವಾರದಿಂದ ಬರೇ ಸೊನ್ನಿನೇ ಅದಾವ. ನಾಳಿ ಒರಸವ್ನಿದ್ದೆ."

"ಒರಸಬ್ಯಾಡ," ಎಂದು ಮೂವರೂ ಒಟ್ಟಿಗೆ ಕೂಗಿದೆವು.

ಆರು ದಿನವೂ ತಾಳೆಯಾದವು. ಹತ್ತೊಂಬತ್ತು ಸಾಲನ್ನು ಸರಿಯಾದ ಹಾಳೆಗೆ ಸೇರಿಸಿ, ಅಂಗೈ ಮೇಲಿನ ಆ ದಿನದ ಸೊನ್ನೆಯನ್ನೂ ಹಾಕಿ, ಹೀಗಾಯಿತೆಂದು ಒಂದು ಪುಟ ವಿವರಣೆ ಬರೆದು ಸಹಿ ಮಾಡಿದೆ. ಎರಡೂ ಹಾಳೆಗಳ ನಕಲು ಮಧ್ಯಾಹ್ನ ಮೂರು ಗಂಟೆ ಇಪ್ಪತ್ತಕ್ಕೆ ಸಭೆಗೆ ಹೋದವು.

ಐದಕ್ಕೆ ಸಭೆಯಿಂದ ಫೋನ್ ಬಂತು. ಮರುದಿನ ಬೆಳಿಗ್ಗೆ ಆರರಿಂದ ನಾಲ್ಕು ದಿನ ಕೊನೆಯ ಹಳ್ಳಿಗೆ ನೀರು.

ದೇವಮ್ಮ ರೇಣುಕಾಳ ಕೆನ್ನೆ ಸವರಿ ನೆಟಿಗೆ ಮುರಿದಳು. "ನಾ ಸುಮ್ಮನ ಬೈದೆ ನಿನಗ. ಶೇಂಗಾ ಬಂದ್ರ ಒಂದು ಚೀಲ ನಿಂದು."

"ಹುರುದು ತಾ ಯಕ್ಕಾ."

ಹಳೆಯದೆಲ್ಲ ಕಸವಲ್ಲ, ಹೊಸ ಹೆಸರಿನದೆಲ್ಲ ಚಾಲ್ತಿಯೂ ಅಲ್ಲ; ಕೈ ಹಾಕುವ ಮೊದಲು ದಿನಾ ಅದನ್ನು ಬಳಸುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ನಿವೃತ್ತಿಯವರೆಗೂ ನಾನು ಪಾಲಿಸಿದ ನಿಯಮ ಇದು. ನಂತರ ತೆರೆದ ಪ್ರತಿ ಯಂತ್ರದಲ್ಲೂ ಮೊದಲು ದಿನಾಂಕ ನೋಡಿದೆ, ಹೆಸರು ಆಮೇಲೆ.

ಐದೂವರೆಗೆ ರೇಣುಕಾ ಪಾಳಿಯ ಸೂಚನೆ ಅಚ್ಚು ಹಾಕಿದಳು. ಒಂದು ಪ್ರತಿಯನ್ನು ದೇವಮ್ಮ ಮಡಚಿ ಸೆರಗಿಗೆ ಗಂಟು ಹಾಕಿಕೊಂಡು ಬಸ್ಸಿಗೆ ಓಡಿದಳು. ಇನ್ನೊಂದನ್ನು ನಾನೇ ಫಲಕಕ್ಕೆ ಅಂಟಿಸಿ, ನಾಲ್ಕೂ ಮೂಲೆ ಒತ್ತಿದೆ.