ಒತ್ತಡ ಇಳಿಸುವವನು

ಫ್ರೀಮ್ಯಾಂಟಲ್ ಬಂದರಿನ ಕಾರ್ಯಾಗಾರಕ್ಕೆ ಶಾಲಾಮಕ್ಕಳನ್ನು ಕರೆದೊಯ್ದ ದಿನ ಟ್ರೆಲೋರನನ್ನು ಮೊದಲು ಕಂಡೆ. ಉಕ್ಕಿನ ದೊಡ್ಡ ತೊಟ್ಟಿಗೆ ಕಿವಿಗೊಟ್ಟು ನಿಂತಿದ್ದ. ಆಳಸಮುದ್ರದ ನೌಕೆಗಳ ಸೆನ್ಸರುಗಳನ್ನೂ ಬೆಳಕು ಸಾಗಿಸುವ ಗಾಜಿನೆಳೆಗಳ ಕನೆಕ್ಟರುಗಳನ್ನೂ ಅದರ ನೀರಿನಲ್ಲಿಟ್ಟು, ಕಡಲತಳದಷ್ಟು ಒತ್ತಡ ಕೊಟ್ಟು ಪರೀಕ್ಷಿಸುವುದು ಅವನ ಕೆಲಸ. ಪ್ರತಿಸಲವೂ ಥರ್ಮಾಕೋಲಿನ ಕಾಫಿಲೋಟವೊಂದರ ಮೇಲೆ ಆ ನೌಕೆಯಲ್ಲಿ ಇಳಿಯುವವರ ಹೆಸರು ಬರೆದು ಜೊತೆಗಿಡುತ್ತಿದ್ದ; ಲೋಟ ಹೆಬ್ಬೆರಳಿನಷ್ಟಾಗಿ ಹೊರಬರುತ್ತಿತ್ತು, ಹೆಸರೂ ಮುದುಡಿರುತ್ತಿತ್ತು. ಅಂಥ ಲೋಟಗಳಿಂದ ಕಪಾಟು ತುಂಬಿಹೋಗಿತ್ತು. ಒತ್ತಡ ಏರಿಸಲು ಅವನಿಗೆ ಅರ್ಧ ಗಂಟೆ ಸಾಕು, ಇಳಿಸಲು ಇಡೀ ದಿನ ಬೇಕು. "ಏನಪ್ಪಾ ಟ್ರೆಲೋರ್, ಮೊಟ್ಟೆಗೆ ಕಾವು ಕೊಡ್ತಿದೀಯಾ?" ಎಂದು ಮೇಲ್ವಿಚಾರಕಿ ಬ್ರಾನ್ವಿನ್ ಛೇಡಿಸಿದರೆ, "ಕೆಳಗೆ ಯಾರು ಬೇಕಾದ್ರೂ ಹೋಗ್ತಾರಮ್ಮಾ, ವಾಪಸ್ ಬರೋದೇ ಕಷ್ಟ" ಎನ್ನುತ್ತಿದ್ದ. ನಡುನಡುವೆ ತೊಟ್ಟಿಯನ್ನು ತಟ್ಟುತ್ತಿದ್ದ. ಒಳಗಿನಿಂದ ಟಕ್ಕೆಂದು ಉತ್ತರ ಬರುತ್ತಿತ್ತು. "ಒತ್ತಡ ಇಳಿದಾಗ ಉಕ್ಕು ಸಡಿಲಾಗೋ ಸದ್ದು ಮೇಷ್ಟ್ರೇ, ಹೆದರ್ಬೇಡಿ" ಎಂದು ನಗುತ್ತಿದ್ದ. ಕಪಾಟಿನಲ್ಲಿ ಕುಗ್ಗದೆ ಉಳಿದ ಲೋಟ ಒಂದೇ. ಅದರ ಮೇಲಿದ್ದುದು ಅವನ ತಮ್ಮ ಕೀರನ್‌ನ ಹೆಸರು. ಕೀರನ್ ಇಳಿದ ನೌಕೆಯ ಕನೆಕ್ಟರನ್ನು ಟ್ರೆಲೋರನೇ ಪರೀಕ್ಷಿಸಿದ್ದ. ಏರುವ ಒತ್ತಡಕ್ಕೆ ಮಾತ್ರ, ಇಳಿಯುವುದಕ್ಕಲ್ಲ. ನೌಕೆ ಕಡಲತಳ ಮುಟ್ಟಿ ಮರಳುವಾಗ, ಒತ್ತಡ ಇಳಿಯುತ್ತಿದ್ದಂತೆ ಕನೆಕ್ಟರಿನ ಬಿಗಿ ಸಡಿಲಾಗಿ ನೀರು ನುಗ್ಗಿತು. ಗಾಜಿನೆಳೆಯ ಬೆಳಕು ಆರಿ ಮೇಲಿನವರ ಸಂಪರ್ಕ ಕಡಿಯಿತು, ನೌಕೆ ಮೇಲೆ ಬರಲೇ ಇಲ್ಲ. ಲೋಟಗಳ ರೂಢಿ ಶುರುವಾದದ್ದು ಅದಾದ ಮೇಲೆ; ಕೀರನ್‌ನ ಲೋಟವನ್ನು ಮಾತ್ರ ಅವನು ತೊಟ್ಟಿಗೆ ಇಳಿಸಲೇ ಇಲ್ಲ. ಈಗ ನಿವೃತ್ತನಾಗಿದ್ದರೂ ಟ್ರೆಲೋರ್ ದಿನವೂ ಬಂದು ತೊಟ್ಟಿಯ ಪಕ್ಕ ಕೂರುತ್ತಾನೆ, "ನಿಧಾನಕ್ಕೆ ಬಾರೋ, ಅವಸರವಿಲ್ಲ" ಎಂದು ಮೆಲ್ಲನೆ ತಟ್ಟುತ್ತಾನೆ. ಕಳೆದ ವಾರ ನಾನು ಹೋದಾಗ ತೊಟ್ಟಿ ಬರಿದಾಗಿ, ಮುಚ್ಚಳ ತೆರೆದೇ ಇತ್ತು; ಇಳಿಯಲು ಒತ್ತಡವೇ ಇರಲಿಲ್ಲ. ಅವನು ತಟ್ಟಿದ, ಒಳಗಿನಿಂದ ಟಕ್ಕೆಂದಿತು. ಈ ಸಲ ಅವನು ನಗಲಿಲ್ಲ. ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ.